ತಾತನ ಮರೆವಿಗೆ ಬಿ.ಪಿ. ಲೆಕ್ಕ: ಮನೆಯಲ್ಲಿ ನೋಡಿ ಬರೆಯುವುದು ಹೇಗೆ

ವಯಸ್ಸಾದವರ ಮರೆವೆಲ್ಲ ಒಂದೇ ಜಾತಿಯದಲ್ಲ. ಬೆಳಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿಲ್ಲ ಎನ್ನುವುದು ಒಂದು ಬಗೆ. ನೆನಪೇನೋ ಇದೆ, ಆದರೆ ಟೊಮೆಟೊ ಮಂಡಿಯ ಚೀಟಿ ಹಿಡಿದು ಲೆಕ್ಕ ಕೂಡಿಸಲು ಅರ್ಧ ಗಂಟೆ ಹಿಡಿಯುತ್ತದೆ, ಕಾಲೆಳೆದು ಪುಟ್ಟ ಹೆಜ್ಜೆ ಇಡುತ್ತಾರೆ, ಮೂತ್ರಕ್ಕೆ ಅವಸರ, ಯಾವುದರಲ್ಲೂ ಉಮೇದಿಲ್ಲ ಅಂದರೆ ಮಿದುಳಿನ ರಕ್ತನಾಳಗಳ ಮೇಲೆ ಅನುಮಾನ ಪಡಬೇಕು. ಎರಡೂ ಒಟ್ಟಿಗೆ ಇರುವುದೂ ಉಂಟು.

ಮಿದುಳಿನ ಒಳಭಾಗಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳು ವರ್ಷಗಟ್ಟಲೆ ಹೆಚ್ಚಿನ ಬಿ.ಪಿ. ತಿಂದು ದಪ್ಪಗಾಗಿ ಗಡುಸಾಗುತ್ತವೆ. ಕೋಲಾರದ ಬೋರ್‌ವೆಲ್ ನೀರಿಗೆ ಡ್ರಿಪ್ ಪೈಪು ಉಪ್ಪು ಕಟ್ಟಿದ ಹಾಗೆ: ಮೊದಲು ಬಾಡುವುದು ಸಾಲಿನ ಕೊನೆಯ ಗಿಡ. ಎಂಆರ್‌ಐನಲ್ಲಿ ಬಿಳಿ ಮಚ್ಚೆಗಳೂ 3ರಿಂದ 15 ಮಿ.ಮೀ.ನ ಸಣ್ಣ ಗುಂಡಿಗಳೂ ಕಾಣುವುದು ಇದರಿಂದಲೇ. ಆ ಗುಂಡಿಗಳು ಎಷ್ಟೋ ಸಲ ಕೈಕಾಲು ಬೀಳದೆಯೇ ಆಗಿಹೋದ ಲಕ್ವಗಳು.

ಸತ್ತ ಭಾಗ ಮರಳಿ ಬಾರದು, ಉಳಿದದ್ದನ್ನು ಕಾಯಬಹುದು. ಅದಕ್ಕೆ ಬಿ.ಪಿ. ಸರಿಯಾಗಿ ನೋಡಬೇಕು. ಮಣಿಕಟ್ಟಿನ ಮಿಷನ್ ಬೇಡ, ತೋಳಿನದು ಕೊಳ್ಳಿ. ತೋಳಿನ ಸುತ್ತಳತೆ ಅಳೆದು ಪಟ್ಟಿ ಆರಿಸಿ: ಬಡಕಲು ತೋಳಿಗೆ ದೊಡ್ಡ ಪಟ್ಟಿ ಸುತ್ತಿದರೆ ಬಿ.ಪಿ. ಕಡಿಮೆ ತೋರಿಸುತ್ತದೆ. ಕಾಫಿ ಕುಡಿದು ಅರ್ಧ ಗಂಟೆ ಕಳೆದಿರಲಿ, ಮೂತ್ರಕ್ಕೆ ಹೋಗಿ ಬರಲಿ, ಕುರ್ಚಿಗೆ ಒರಗಿ 5 ನಿಮಿಷ ಸುಮ್ಮನೆ ಕೂರಲಿ. ಚಕ್ಕಳಮಕ್ಕಳ ಬೇಡ, ಪಾದ ನೆಲದ ಮೇಲಿರಲಿ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಪಟ್ಟಿಯನ್ನು ಅಂಗಿಯ ಮೇಲೆ ಸುತ್ತಬೇಡಿ. ಆಗ ಮಾತಾಡಿಸಲೂಬೇಡಿ, ನಮ್ಮ ಮನೆಗಳಲ್ಲಿ ಕಷ್ಟವಾಗುವುದು ಇದೊಂದೇ.

ಬೆಳಗ್ಗೆ ಗುಳಿಗೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು, ಏಳು ದಿನ ಬರೆಯಿರಿ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. 135/85 ದಾಟಿದರೆ ಪುಸ್ತಕ ಹಿಡಿದು ಡಾಕ್ಟರ ಬಳಿ ಹೋಗಿ. ಒಂದು ದಿನ ನಿಂತ ಮೇಲೆ ಒಂದು ಮತ್ತು ಮೂರನೇ ನಿಮಿಷದಲ್ಲೂ ನೋಡಿ. ಕೂತಾಗಿನದಕ್ಕಿಂತ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದನ್ನೂ ತಿಳಿಸಿ. ಬಿ.ಪಿ. ಇಳಿಸುವ ಆತುರದಲ್ಲಿ ತಾತ ಬಚ್ಚಲಲ್ಲಿ ಬೀಳಬಾರದು.

ಮರೆಯುವವರ ಕೈಗೇ ಗುಳಿಗೆಯ ಜವಾಬ್ದಾರಿ ಕೊಡುವುದು ಎಲ್ಲ ಮನೆಗಳ ತಪ್ಪು. ವಾರದ ಡಬ್ಬಿಗೆ ಮಗಳೋ ಸೊಸೆಯೋ ಮೊಮ್ಮಗನೋ ತುಂಬಿಡಲಿ. ಒಂದು ಹೊತ್ತು ತಪ್ಪಿತೆಂದು ಮುಂದಿನ ಹೊತ್ತಿಗೆ ಎರಡು ನುಂಗಿಸಬೇಡಿ. ಬಿ.ಪಿ. ಸರಿಹೋಯಿತೆಂದು ನಿಲ್ಲಿಸಲೂಬೇಡಿ, ಸರಿಯಾಗಿರುವುದೇ ಗುಳಿಗೆಯಿಂದ.

ಉಪ್ಪು ತಲೆಗೆ ದಿನಕ್ಕೆ 5 ಗ್ರಾಂ ಒಳಗೆ. ನಾಲ್ಕು ಜನರ ಮನೆಗೆ ಒಂದು ಕಿಲೋ 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯದು ಆ ಲೆಕ್ಕದೊಳಗೇ ಸೇರಬೇಕು. ಮುದ್ದೆಯ ಜೊತೆಗಿನ ಉಪ್ಪೆಸರನ್ನು ಸಪ್ಪಗೆ ಮಾಡಿದರೆ ಒಂದೆರಡು ವಾರ ಗೊಣಗಾಟ ಇರುತ್ತದೆ, ಆಮೇಲೆ ನಾಲಿಗೆ ಒಗ್ಗುತ್ತದೆ. ಬೀಡಿ ಪೂರ್ತಿ ಬಿಡಿಸಿ. ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್ ನೋಡಿಸಿ. ಬಿ12 ವಿಟಮಿನ್ ಮತ್ತು ಥೈರಾಯ್ಡ್ ಕೂಡ ಪರೀಕ್ಷೆ ಮಾಡಿಸಿ, ಅವು ಕಡಿಮೆಯಾಗಿ ಬಂದ ಮರೆವಿಗೆ ಚಿಕಿತ್ಸೆ ಇದೆ.

ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಆವರಣದ ಮಿದುಳು ಸಂಶೋಧನಾ ಕೇಂದ್ರ ನಡೆಸುವ ಮುಪ್ಪು-ಮಿದುಳಿನ ಅಧ್ಯಯನಕ್ಕೆ ಜನರನ್ನು 45ನೇ ವಯಸ್ಸಿನಿಂದಲೇ ಸೇರಿಸಿಕೊಳ್ಳುತ್ತಾರೆ. ನಾಳ ಕೆಡಲು ಶುರುವಾಗುವುದು ಆ ನಡುವಯಸ್ಸಿನಲ್ಲೇ. ತಾತನಿಗೆ ನೋಡಿದ ಪಟ್ಟಿಯನ್ನು ನಿಮ್ಮ ತೋಳಿಗೂ ಸುತ್ತಿಕೊಳ್ಳಿ.

ಲಕ್ವ ಹೊಡೆದು ಬಾಯಿ ಸೊಟ್ಟಗಾದರೆ, ಒಂದು ಕೈ ಬಲವಿಲ್ಲದೆ ಜಾರಿದರೆ, ಮಾತು ತೊದಲಿದರೆ ಎಣ್ಣೆ ತಿಕ್ಕಿಸಲು, ನಾಟಿ ಔಷಧಿಗೆ ಓಡಬೇಡಿ. 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಿರಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಲಕ್ವ ಶುರುವಾದಾಗಿನಿಂದ ನಾಲ್ಕೂವರೆ ಗಂಟೆಯ ಗಡುವು. ಅಲ್ಲಿ ಮೊದಲು ಕೇಳುವುದೇ ಕೊನೆಯ ಸಲ ಎಷ್ಟು ಹೊತ್ತಿಗೆ ಸರಿಯಿದ್ದರು ಎಂದು. ಆ ಹೊತ್ತನ್ನು ಬಿ.ಪಿ. ಪುಸ್ತಕದಲ್ಲೇ ಬರೆದು ಕೈಯಲ್ಲಿಟ್ಟುಕೊಂಡು ಗಾಡಿ ಹತ್ತಿ.