ಆಲೆಮನೆಗೆ ಹೋದ ಹಾಳೆಗಳು

ಮದ್ದೂರು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಗಣಿತ ಶಿಕ್ಷಕಿ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ನಮ್ಮಲ್ಲಿ 115ರ ಆಸುಪಾಸು ಮಕ್ಕಳಿದ್ದರು. 2021ರ ಅಕ್ಟೋಬರ್ 25ರಂದು ಒಂದರಿಂದ ಐದನೇ ತರಗತಿಗಳೂ ತೆರೆದ ಮೇಲೆ ಹಾಜರಿ ಕೂಗಿ ನೋಡಿದರೆ, ಶಾಲೆಯನ್ನೇ ಬಿಟ್ಟು ಹೋದವರು ಮೂವರು ಮಾತ್ರ. ಆ ನಡುವೆ ಮಕ್ಕಳಿದ್ದಲ್ಲಿಗೇ ನಾನು ಲೆಕ್ಕದ ಹಾಳೆಗಳನ್ನು ತಲುಪಿಸಿ, ತಿದ್ದಿ ಕೊಡುತ್ತಿದ್ದೆ. ‘ಹಾಳೆ ಹಂಚಿ ಮಕ್ಕಳನ್ನು ಉಳಿಸಿಕೊಳ್ಳುವುದುಂಟೇ ಮೇಡಂ’ ಎಂದು ಸುತ್ತಲಿನ ಶಾಲೆಗಳ ಶಿಕ್ಷಕರ ಕ್ಲಸ್ಟರ್ ಸಭೆಯಲ್ಲಿ ನಕ್ಕವರೇ ಆಮೇಲೆ ಆ ಹಾಳೆಯ ಮಾದರಿ ಕೇಳಿಕೊಂಡು ಬಂದದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊಬೈಲ್ ಪಾಠದ ಕಥೆ ಎಲ್ಲ ಶಿಕ್ಷಕರಿಗೂ ಗೊತ್ತಿರುವುದೇ. ಏಳನೇ ತರಗತಿಯ 24 ಮಕ್ಕಳ ಪೈಕಿ ಹದಿನೈದು ಮನೆಗಳಲ್ಲಿ ದೊಡ್ಡ ಫೋನ್ ಇತ್ತಾದರೂ ಹಗಲು ಹೊತ್ತು ಅದು ಅಪ್ಪನ ಜೇಬಿನಲ್ಲಿ ಗದ್ದೆಗೋ ಗಾರೆ ಕೆಲಸಕ್ಕೋ ಹೋಗಿರುತ್ತಿತ್ತು. ಚಂದನ ವಾಹಿನಿಯ ಪಾಠಗಳನ್ನು ನೋಡಿ ಎಂದರೆ, ಕಾಲೊನಿಯ ಅರ್ಧ ಮನೆಗಳಲ್ಲಿ ಟಿವಿಗೆ ಹಣ ಕಟ್ಟದೆ ತಿಂಗಳಾಗಿತ್ತು. 2020ರ ಆಗಸ್ಟ್‌ನಲ್ಲಿ ಶಿಕ್ಷಕರೇ ಮಕ್ಕಳಿರುವ ಕಡೆ ಹೋಗಿ ಪಾಠ ಮಾಡುವ ವಿದ್ಯಾಗಮ ಯೋಜನೆ ಬಂದಾಗ ಮಾರಿಗುಡಿಯ ಜಗಲಿಯಲ್ಲಿ ಮಕ್ಕಳು ಮತ್ತೆ ಕಣ್ಣಿಗೆ ಬಿದ್ದರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ನನ್ನ ಹಾಳೆ ಶುರುವಾದದ್ದು ಆ ಖಾಲಿ ತಿಂಗಳುಗಳಲ್ಲಿ.

ಮೊದಲ ಪ್ರಯತ್ನ ಹಾಲಿನ ಡೈರಿಯಲ್ಲಿ ನಡೆಯಿತು. ಬೆಳಿಗ್ಗೆ ಮತ್ತು ಸಂಜೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವವರಲ್ಲಿ ನಮ್ಮ ಮಕ್ಕಳೇ ಹೆಚ್ಚು ಎಂಬುದನ್ನು ಕಂಡು, ಕಾರ್ಯದರ್ಶಿಯವರನ್ನು ಕೇಳಿಕೊಂಡು ತರಗತಿಗೊಂದರಂತೆ ರಟ್ಟಿನ ಪೆಟ್ಟಿಗೆ ಇಟ್ಟೆ. ಮಕ್ಕಳು ಹಾಲು ಹಾಕುವುದು, ಹಾಳೆ ಒಯ್ಯುವುದು, ಮೂರನೆಯ ದಿನ ತಂದು ಹಾಕುವುದು. ಎರಡು ವಾರಗಳಲ್ಲಿ ಅರವತ್ತರಷ್ಟು ಹಾಳೆಗಳು ಮರಳಿದಾಗ ನನಗೆ ಬಹಳ ಹೆಮ್ಮೆಯಾಗಿತ್ತು. ಹೆಸರುಗಳನ್ನು ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಿದ ರಾತ್ರಿ ಆ ಹೆಮ್ಮೆ ಇಳಿಯಿತು. ಹಸು ಇದ್ದವರ ಮಕ್ಕಳಷ್ಟೇ ಬರೆಯುತ್ತಿದ್ದರು, ಅವರು ಹೇಗೂ ಶಾಲೆ ಬಿಡುವವರಲ್ಲ. ಯಾರಿಗಾಗಿ ಇದನ್ನು ಮಾಡುತ್ತಿದ್ದೆನೋ ಅವರ ಮನೆಯಲ್ಲಿ ಡೈರಿಗೆ ಹಾಕಲು ಹಾಲೇ ಇರಲಿಲ್ಲ.

ಆಗ ನೆನಪಾದದ್ದು ಬಿಸಿಯೂಟದ ಬದಲಿಗೆ ಅಕ್ಕಿ, ಬೇಳೆ ಕೊಡುತ್ತಿದ್ದ ದಿನ. ಎಲ್ಲ ಮನೆಯವರೂ ಶಾಲೆಗೆ ಬರುತ್ತಿದ್ದ ದಿನ ಅದೊಂದೇ. ಸಹಿ ಹಾಕಿಸಿಕೊಳ್ಳುವಾಗ ‘ಮಗು ಓದುತ್ತಿದೆಯೇ’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಅದರ ಬದಲು ‘ಸಂಜೆ ನಾಲ್ಕಕ್ಕೆ ಎಲ್ಲಿರುತ್ತಾನೆ’ ಎಂದು ಕೇಳಿ ಬರೆದುಕೊಂಡೆ. ಹದಿನಾಲ್ಕು ಹೆಸರುಗಳ ಮುಂದೆ ‘ಆಲೆಮನೆ’ ಎಂದು ಬಂತು, ಆರರ ಮುಂದೆ ‘ಕುರಿ’, ನಾಲ್ಕರ ಮುಂದೆ ‘ತಮ್ಮನನ್ನು ನೋಡಿಕೊಳ್ಳುತ್ತಾಳೆ’. ಮುಂದಿನ ಒಂದು ವರ್ಷ ನಾನು ಕೆಲಸ ಮಾಡಿದ್ದು ಆ ಪಟ್ಟಿ ಹಿಡಿದುಕೊಂಡು.

ಆಲೆಮನೆಯಲ್ಲಿ ದೊಡ್ಡವರು ಗಾಣ, ಕೊಪ್ಪರಿಗೆ ನೋಡಿಕೊಂಡರೆ ಮಕ್ಕಳು ಕಬ್ಬಿನ ಸಿಪ್ಪೆ ಹರಡಿ ಒಣಗಿಸುತ್ತಿದ್ದರು. ಪಾಕ ಅಚ್ಚಿಗೆ ಬಿದ್ದ ಮೇಲೆ ಸುಮಾರು ಅರ್ಧ ಗಂಟೆ ಬಿಡುವು ಸಿಗುತ್ತದೆ ಎಂಬುದು ನಾಲ್ಕು ಸಲ ಹೋಗಿ ಬೈಸಿಕೊಂಡು ಬಂದ ಮೇಲೆ ತಿಳಿಯಿತು. ಆ ಅರ್ಧ ಗಂಟೆಯನ್ನು ಹುಡುಗರಿಗೆ ಬಿಟ್ಟುಕೊಡಲು ಮಾಲೀಕರು ಹೇಗೆ ಒಪ್ಪಿದರು ಎಂಬುದನ್ನು ಇಲ್ಲಿ ಬರೆಯಲಾರೆ. ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಇತ್ತು ಎಂದಷ್ಟೇ ಹೇಳುತ್ತೇನೆ. ಪಠ್ಯದ ಲೆಕ್ಕಗಳನ್ನು ಬಿಟ್ಟು ಅಲ್ಲಿಯದೇ ಲೆಕ್ಕ ಬರೆದುಕೊಟ್ಟೆ. ಟನ್ ಕಬ್ಬಿಗೆ 100 ಕೆಜಿ ಬೆಲ್ಲವಾದರೆ ಮೂರೂವರೆ ಟನ್ನಿಗೆ ಎಷ್ಟು ಎಂಬ ಪ್ರಶ್ನೆಗೆ ಆರನೇ ತರಗತಿಯ ಹುಡುಗನೊಬ್ಬ ಉತ್ತರವನ್ನೇ ಬರೆಯದೆ, ‘ಅಷ್ಟು ಬೀಳಾಕಿಲ್ಲ ಮಿಸ್, ಈ ಕಬ್ಬು ನೀರು ಕುಡ್ದೈತೆ’ ಎಂದು ಬರೆದಿದ್ದ. ಪೂರ್ತಿ ಅಂಕ ಕೊಟ್ಟೆ. ಅಂಟಂಟಾಗಿ ಬರುತ್ತಿದ್ದ ಆ ಹಾಳೆಗಳನ್ನು ಮನೆಯಲ್ಲಿ ಮೇಜಿನ ಮೇಲಿಟ್ಟರೆ ಬೆಳಗಾಗುವುದರೊಳಗೆ ಇರುವೆ ಸಾಲುಗಟ್ಟುತ್ತಿತ್ತು. ಕೊನೆಗೆ ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ ಹಾಕಿ ನೇತುಹಾಕಿ ತಿದ್ದಿದೆ. ತಿದ್ದದೆ ಹಿಂದಿರುಗಿಸಿದ ವಾರ ಮುಂದಿನ ಹಾಳೆಗಳು ಅರ್ಧಕ್ಕೆ ಇಳಿಯುತ್ತಿದ್ದವು. ಹೆಸರು ಬರೆದು ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದರೆ ಸಾಕು, ಹಾಳೆ ಮತ್ತೆ ಬರುತ್ತಿತ್ತು.

ಇನ್ನು ಹಣದ ವಿಷಯ. ಜೆರಾಕ್ಸ್‌ಗೆ ಪುಟಕ್ಕೆ ಒಂದು ರೂಪಾಯಿಯಂತೆ ವಾರಕ್ಕೆ ನಾನ್ನೂರು ರೂಪಾಯಿ ಕೈಬಿಡುತ್ತಿತ್ತು. ಉಳಿಸೋಣವೆಂದು ಹಳೆಯ ಕಾಲದ ಒಂದು ಉಪಾಯಕ್ಕೆ ಕೈಹಾಕಿದೆ: ಜೆಲಟಿನ್ ಮತ್ತು ಗ್ಲಿಸರಿನ್ ಕಾಯಿಸಿ ತಟ್ಟೆಗೆ ಹುಯ್ದು, ಗಟ್ಟಿಯಾದ ಮೇಲೆ, ಹುಣ್ಣಿಗೆ ಹಚ್ಚುವ ನೇರಳೆ ಔಷಧಿಯನ್ನು ಒಣಗಿಸಿ ದಪ್ಪ ಮಾಡಿಕೊಂಡು, ಅದರಿಂದ ಬರೆದ ಹಾಳೆಯನ್ನು ತಟ್ಟೆಯ ಮೇಲೆ ಒತ್ತಿ ಪ್ರತಿ ತೆಗೆಯುವುದು. ಹನ್ನೆರಡು ಪ್ರತಿಗಳವರೆಗೆ ಚೆನ್ನಾಗಿ ಬಂತು, ಹದಿನೈದನೆಯದು ಕಣ್ಣು ಕಿರಿದು ಮಾಡಿ ಓದುವಂತಿತ್ತು. ಮಾರ್ಚ್ ಬಿಸಿಲಿಗೆ ತಟ್ಟೆಯೇ ಪಾಯಸವಾಯಿತು, ಮನೆಯವರು ಒಂದು ವಾರ ನನ್ನ ನೇರಳೆ ಬೆರಳುಗಳನ್ನು ನೋಡಿ ನಕ್ಕರು. ಆ ಪ್ರಯೋಗಕ್ಕೆ ಆರುನೂರು ರೂಪಾಯಿ ದಂಡ. ಆಮೇಲೆ ಪ್ರಶ್ನೆಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಬರೆದು ಬೀದಿಗೊಂದು ಅಂಟಿಸಿ, ಉತ್ತರಕ್ಕೆ ಮಾತ್ರ ಹಾಳೆ ಕೊಟ್ಟೆ. ಖರ್ಚು ಕಾಲುಭಾಗಕ್ಕೆ ಇಳಿಯಿತು.

ಬೀದಿಗೊಬ್ಬ ಅಕ್ಕನನ್ನು ಗೊತ್ತು ಮಾಡಿದ್ದು ಆಗಲೇ. ಕಾಲೇಜು ಮುಚ್ಚಿ ಮನೆಯಲ್ಲಿದ್ದ ಐವರು ಹುಡುಗಿಯರು ಹಾಳೆ ಹಂಚಿ, ಸಂಗ್ರಹಿಸಿ, ಓದಲು ಬಾರದವರ ಜೊತೆ ಕುಳಿತರು. ಅವರಿಗೆ ಸಂಬಳವಲ್ಲ, ತಿಂಗಳಿಗೆ ಇನ್ನೂರು ರೂಪಾಯಿಯ ರೀಚಾರ್ಜ್. ಗೌರವಧನಕ್ಕಾಗಿ ಮೇಲಿನವರಿಗೆ ಕೊಟ್ಟ ಅರ್ಜಿಗೆ ಇಂದಿಗೂ ಉತ್ತರ ಬಂದಿಲ್ಲ. ಅವರಲ್ಲಿ ಇನ್ನೂ ಹದಿನೆಂಟು ತುಂಬದ ಒಬ್ಬಳ ಮದುವೆ ಎರಡನೇ ಅಲೆಯ ಲಾಕ್‌ಡೌನ್‌ನಲ್ಲಿ, ಬೆಳಗಿನ ಜಾವ, ಊರಾಚೆಯ ದೇವಸ್ಥಾನದಲ್ಲಿ ನಡೆದುಹೋಯಿತು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಆ ವಾರ ಅವಳ ಬೀದಿಯ ಹಾಳೆಗಳು ಬಾರದಿದ್ದಾಗ ಅವಳಿಗೆ ಹುಷಾರಿಲ್ಲವೇನೋ ಎಂದುಕೊಂಡಿದ್ದೆ. ಐದು ಬೀದಿಗಳ ಮಕ್ಕಳ ಮೇಲೆ ಕಣ್ಣಿಟ್ಟಿದ್ದ ನಾನು ಅಕ್ಕಂದಿರ ಪಟ್ಟಿಯನ್ನೇ ಬರೆದಿಟ್ಟುಕೊಂಡಿರಲಿಲ್ಲ.

ಒಟ್ಟು ಖರ್ಚು ಇಪ್ಪತ್ತೆರಡು ಸಾವಿರದ ಹತ್ತಿರ ಬಂದಿರಬೇಕು. ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ನಾಲ್ಕು ಸಾವಿರ ಕೊಟ್ಟರು, ಒಬ್ಬ ಆಲೆಮನೆ ಮಾಲೀಕರು ಹತ್ತು ರೀಮ್ ಕಾಗದ ತಂದುಕೊಟ್ಟರು, ಉಳಿದದ್ದು ನನ್ನ ಕೈಯಿಂದ ಹೋಯಿತು. ಬಾರದ ಮೂವರಲ್ಲಿ ಒಬ್ಬಳು ಕಬ್ಬು ಕಡಿಯಲು ಬಂದ ಬಳ್ಳಾರಿ ಕಡೆಯ ಕುಟುಂಬದವಳು. ಅವಳು ಊರಿಗೆ ಹೋದ ಮೇಲೆ ಅಲ್ಲಿ ಶಾಲೆಗೆ ಸೇರಿದ್ದಾಳೆಂದು ಅವಳ ತಾಯಿ ಫೋನಿನಲ್ಲಿ ಹೇಳಿದರಾದರೂ, ಮಕ್ಕಳ ದಾಖಲಾತಿ ಇರುವ ನಮ್ಮ ಆನ್‌ಲೈನ್ ಪಟ್ಟಿ ಸ್ಯಾಟ್ಸ್‌ನಿಂದ ಅವಳ ಹೆಸರನ್ನು ಅಲ್ಲಿಯವರು ಕೇಳುವವರೆಗೆ ನಾನದನ್ನು ನಂಬಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದಿಬ್ಬರು ಅಣ್ಣತಮ್ಮಂದಿರು. ಅವರ ಆಲೆಮನೆ ಈಗ ಪಕ್ಕದ ಊರಿಗೆ ಹೋಗಿದೆ, ಅಲ್ಲಿ ಪಾಕ ಇಳಿಸುವುದು ಸಂಜೆ ಐದೂವರೆಗೆ.