ಐಲ್ ಆಫ್ ಮ್ಯಾನ್‌ನ ತೀರ್ಪು ಓದುವುದು ಹೇಗೆ? ಡೀಮ್‌ಸ್ಟರ್‌ನಿಂದ ಶುರು ಮಾಡಿ

ಐರಿಷ್ ಸಮುದ್ರದ ನಡುವೆ ಇರುವ ಐಲ್ ಆಫ್ ಮ್ಯಾನ್ ದ್ವೀಪಕ್ಕೂ ಇಂಗ್ಲೆಂಡಿಗೂ ರಾಜ ಒಬ್ಬನೇ. ಆದರೆ ಕಾನೂನು ಬೇರೆ, ಕೋರ್ಟೂ ಬೇರೆ. ಇಂಗ್ಲೆಂಡಿನದೇ ಅಂದುಕೊಂಡು ಅಲ್ಲಿನ ತೀರ್ಪು ಓದಲು ಕೂತರೆ ಮೊದಲ ಪುಟದಲ್ಲೇ ಎಡವುತ್ತೀರಿ.

ಮೊದಲು ತೀರ್ಪು ಕೊಟ್ಟವರು ಯಾರು ಅಂತ ನೋಡಿ. ಹೈ ಬೇಲಿಫ್ ಅಂತಿದ್ದರೆ ಅವರು ಮ್ಯಾಜಿಸ್ಟ್ರೇಟ್, ಸಣ್ಣ ಅಪರಾಧಗಳು ಅವರ ಮುಂದೆ ಬರುತ್ತವೆ. ಡೀಮ್‌ಸ್ಟರ್ ಅಂತಿದ್ದರೆ ಹೈಕೋರ್ಟ್ ಜಡ್ಜ್. ದೊಡ್ಡ ಕ್ರಿಮಿನಲ್ ಕೇಸ್ ನಡೆಸುವವರೂ ಅವರೇ, ಆದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಅಂತ ಹೇಳುವುದು ಜೂರಿ, ಅಂದರೆ ಸಾಮಾನ್ಯ ಜನರಿಂದ ಆರಿಸಿದ ಗುಂಪು.

ಡೀಮ್‌ಸ್ಟರ್ ಮಾಡುವ ಪ್ರಮಾಣವಚನವನ್ನು ಒಮ್ಮೆ ಓದದೆ ಮುಂದೆ ಹೋಗಬೇಡಿ. ಸ್ನೇಹ, ಲಾಭ, ನೆಂಟಸ್ತಿಕೆ, ಹಗೆ ಯಾವುದನ್ನೂ ನೋಡದೆ, ಹೆರಿಂಗ್ ಮೀನಿನ ಬೆನ್ನುಮೂಳೆ ಮೀನಿನ ನಟ್ಟನಡುವೆ ಇರುವ ಹಾಗೆ, ಎರಡು ಕಡೆಯವರ ನಡುವೆ ನ್ಯಾಯ ಹೇಳುತ್ತೇನೆ ಅಂತ ಅವರು ಮಾತು ಕೊಡುತ್ತಾರೆ. ಹೆರಿಂಗ್ ಹಿಡಿದು ಬದುಕಿದ ಜನರ ಮಾತು ಅದು. ಮೀನು ಸೀಳಿದವರಿಗೆ ಗೊತ್ತು, ಮುಳ್ಳಿನ ಈ ಕಡೆ ಎಷ್ಟು ಮಾಂಸವೋ ಆ ಕಡೆಯೂ ಅಷ್ಟೇ. ಇಡೀ ದ್ವೀಪ 572 ಚದರ ಕಿ.ಮೀ. ಜಾಗ, ಸುಮಾರು 84,000 ಜನ. ಇಷ್ಟು ಚಿಕ್ಕ ಊರಲ್ಲಿ ವಕೀಲರು, ಸಾಕ್ಷಿಗಳು, ಕಕ್ಷಿದಾರರು ಜಡ್ಜ್‌ಗೆ ಎಲ್ಲೋ ಒಂದು ಕಡೆ ಪರಿಚಯ ಇದ್ದೇ ಇರುತ್ತಾರೆ, ಅಲ್ವಾ? ನೆಂಟಸ್ತಿಕೆಯ ಮಾತು ಪ್ರಮಾಣದಲ್ಲಿ ಸುಮ್ನೆ ಬಂದಿಲ್ಲ. ಕೆಲವು ತೀರ್ಪುಗಳಲ್ಲಿ ಆಕ್ಟಿಂಗ್ ಡೀಮ್‌ಸ್ಟರ್, ಅಂದರೆ ಹಂಗಾಮಿ ಡೀಮ್‌ಸ್ಟರ್ ಅಂತ ಇರುತ್ತದೆ. ದ್ವೀಪದ ಹೊರಗಿನ ಹಿರಿಯ ವಕೀಲರನ್ನೂ ಹೀಗೆ ನೇಮಿಸುತ್ತಾರೆ.

ಇನ್ನು ತೀರ್ಪಿನ ಒಳಗೆ ಬನ್ನಿ. ಇಂಗ್ಲೆಂಡಿನ ಕೇಸುಗಳ ಹೆಸರು ಸಾಲುಸಾಲಾಗಿ ಸಿಗುತ್ತವೆ. ಅವಕ್ಕೆ ಡೀಮ್‌ಸ್ಟರ್ ತುಂಬಾ ಬೆಲೆ ಕೊಡುತ್ತಾರೆ, ಆದರೆ ಅವುಗಳ ಹಿಂದೆಯೇ ಹೋಗಬೇಕೆಂಬ ಕಟ್ಟುಪಾಡು ಇಲ್ಲ. ದ್ವೀಪದ ಕಾಯ್ದೆ ಬೇರೆ ಇದ್ದರೆ ದಾರಿಯೂ ಬೇರೆ. ಯಾಕೆ ಬೇರೆ ಅಂತ ವಿವರಿಸುವ ಪ್ಯಾರಾ ಸಿಕ್ಕರೆ ಎರಡು ಸಲ ಓದಿ, ನನ್ನ ಪ್ರಕಾರ ಇಡೀ ತೀರ್ಪಿನ ಜೀವ ಅಲ್ಲೇ ಇರುತ್ತದೆ. ಹಿಂದೆ ಅಲ್ಲಿನ ಕಾನೂನು ಬರವಣಿಗೆಯಲ್ಲೇ ಇರಲಿಲ್ಲ, ಡೀಮ್‌ಸ್ಟರ್‌ಗಳ ನೆನಪಿನಲ್ಲಿತ್ತು. ಅದನ್ನು ಎದೆಯ ಕಾನೂನು ಅಂತಲೇ ಕರೆಯುತ್ತಿದ್ದರು.

ತೀರ್ಪನ್ನು ಎಲ್ಲಾದರೂ ಬಳಸುವ ಮುಂಚೆ ಅಪೀಲು ಆಗಿದೆಯಾ ಅಂತ ನೋಡಿ. ಅಪೀಲು ಕೋರ್ಟಿನ ಹೆಸರು ಸ್ಟಾಫ್ ಆಫ್ ಗವರ್ನ್‌ಮೆಂಟ್ ಡಿವಿಷನ್. ಯಾವುದೋ ಸರ್ಕಾರಿ ಇಲಾಖೆ ಅಂದುಕೊಂಡು ಪುಟ ತಿರುವಿಬಿಡಬೇಡಿ. ಅದರ ಮೇಲೆ ಕೊನೆಯ ಅಪೀಲು ಕೇಳುವ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದೆ. ಅಲ್ಲಿ ಏನಾದರೂ ಬದಲಾಗಿದ್ದರೆ ನಿಮ್ಮ ಕೈಯಲ್ಲಿರುವುದು ಹಳೆಯ ತೀರ್ಪು.