ಹಸಿರು ಕಡಲಲ್ಲಿ ಚಹಾ ಬಣ್ಣದ ನೀರು: ಗುರುತಿಸುವುದು ಹೇಗೆ?

ಅಮೆರಿಕದ ಫ್ಲಾರಿಡಾದ ವಾಲ್ಟನ್ ಕೌಂಟಿಯಲ್ಲಿ ಮರಳು ಸಕ್ಕರೆಯಷ್ಟು ಬಿಳಿ, ಕಡಲು ಪಚ್ಚೆಕಲ್ಲಿನಷ್ಟು ಹಸಿರು. ಆದರೆ ಜೋರು ಮಳೆಯ ಮಾರನೇ ದಿನ ದಡದ ಒಂದು ಕಡೆ ನೀರು ಹಾಲು ಹಾಕದ ಚಹಾದ ಹಾಗೆ ಕಂದಾಗಿ ನಿಂತಿರುತ್ತದೆ. ಚರಂಡಿ ನೀರು ಬಿಟ್ಟಿದ್ದಾರೆ ಅಂತ ಹೊಸಬರು ಗಾಬರಿಯಾಗುತ್ತಾರೆ. ಅದು ಮರಳು ದಿಬ್ಬಗಳ ಹಿಂದಿನ ಕೆರೆಯ ನೀರೂ ಆಗಿರಬಹುದು. ತಿಳಿದುಕೊಳ್ಳುವುದು ಕಷ್ಟವೇನಲ್ಲ.

ಮೊದಲು ಕೆರೆ ಹುಡುಕಿ. ಈ ಕೌಂಟಿಯಲ್ಲಿ ಹೆಸರಿರುವ ಇಂಥ 15 ಕೆರೆಗಳಿವೆ. ಗ್ರೇಟನ್ ಬೀಚ್ ಸ್ಟೇಟ್ ಪಾರ್ಕಿನ ವೆಸ್ಟರ್ನ್ ಲೇಕ್ ಅವುಗಳಲ್ಲೊಂದು. ಕೆರೆಗೂ ಕಡಲಿಗೂ ನಡುವೆ ಇರುವುದು ಮರಳು ಮಾತ್ರ. ಮಳೆಗೆ ಕೆರೆ ತುಂಬಿದರೆ ನೀರು ಆ ಮರಳನ್ನು ಕೊರೆದುಕೊಂಡು ಕಡಲಿಗೆ ಇಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಅಳಿವೆ ನೋಡಿದವರಿಗೆ ಈ ನೋಟ ಪೂರ್ತಿ ಹೊಸದಲ್ಲ.

ಆಮೇಲೆ ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ ಬೆಳಕಿಗೆ ಹಿಡಿಯಿರಿ. ಕೆಸರಾದರೆ ಸ್ವಲ್ಪ ಹೊತ್ತಿಗೆ ತಳ ಸೇರುತ್ತದೆ. ಕೆರೆಯ ಬಣ್ಣ ಹಾಗಲ್ಲ, ಎಷ್ಟು ಹೊತ್ತು ಇಟ್ಟರೂ ಹೋಗುವುದಿಲ್ಲ. ನೀರು ತಿಳಿಯಾಗಿಯೇ ಇರುತ್ತದೆ, ಬಣ್ಣ ಮಾತ್ರ ಚಹಾದ್ದು. ಕೆರೆಯ ಸುತ್ತಲಿನ ಪೈನ್ ಮರ, ಪೊದೆಗಳ ಎಲೆ ಬಿದ್ದು ಕೊಳೆತಾಗ ಟ್ಯಾನಿನ್ ಎಂಬ ಒಗರು ಅಂಶ ನೀರಿಗಿಳಿಯುತ್ತದೆ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನಲ್ಲೂ ಟ್ಯಾನಿನ್ನೇ ಇರುವುದು.

ಕಡಲಿನ ಬಣ್ಣ ಬದಲಾಗುವುದೂ ಇದರಿಂದಲೇ. ಸಮುದ್ರದ ನೀರು ಬಿಸಿಲಿನ ಕೆಂಪನ್ನು ಹೀರಿಕೊಳ್ಳುತ್ತದೆ. ಉಳಿದ ನೀಲಿ, ಹಸಿರು ಬೆಳಕು ತಳದ ಬಿಳಿ ಮರಳಿಗೆ ತಾಗಿ ನಮ್ಮ ಕಣ್ಣಿಗೆ ಬರುತ್ತದೆ. ಕೆರೆ ನೀರು ಬೆರೆತರೆ ಈ ನೀಲಿಯೇ ಜಾಸ್ತಿ ನುಂಗಿಹೋಗುತ್ತದೆ. ಹಾಗಾಗಿ ಬೆರೆತದ್ದು ಕಡಿಮೆಯಾದರೆ ಹಳದಿ ಹಸಿರು, ಜಾಸ್ತಿಯಾದರೆ ಕಂದು.

ಈಗ ಎತ್ತರದ ಜಾಗದಿಂದ ಅಂಚು ನೋಡಿ. ಕೆರೆ ನೀರಿನಲ್ಲಿ ಉಪ್ಪು ಕಡಿಮೆ, ಹಗುರ. ಅದಕ್ಕೇ ಅದು ಕಡಲಿನ ಮೇಲೆ ತೇಲುತ್ತದೆ. ಅಲೆ ಸಣ್ಣದಿದ್ದ ದಿನ ಹಸಿರಿಗೂ ಕಂದಿಗೂ ನಡುವೆ ಗೆರೆ ಎಳೆದ ಹಾಗಿರುತ್ತದೆ. ದಡದುದ್ದಕ್ಕೆ ಸೆಳೆತ ಯಾವ ಕಡೆಗಿದೆಯೋ ಕಂದು ಆ ಕಡೆಗೇ ಹರಡುತ್ತದೆ.

ಕಾಣುವುದೆಲ್ಲ ಕೆರೆ ನೀರೇ ಅಲ್ಲ. ಹಸಿರು ನೂಲಿನಂಥದ್ದು ಕಾಲಿಗೆ ಸುತ್ತಿಕೊಂಡರೆ ಅದು ಪಾಚಿ, ಅಲ್ಲಿಯವರು ಜೂನ್ ಗ್ರಾಸ್ ಅನ್ನುತ್ತಾರೆ. ಮೀನು ಸತ್ತು ತೇಲುತ್ತಿದ್ದು, ನಿಮಗೂ ಕೆಮ್ಮು ಬಂದರೆ ಅದು ರೆಡ್ ಟೈಡ್, ಅಂದರೆ ಕಡಲಲ್ಲಿ ವಿಪರೀತ ಬೆಳೆದ ವಿಷಕಾರಿ ಸೂಕ್ಷ್ಮ ಪಾಚಿ, ಇರಬಹುದು. ತಕ್ಷಣ ಅಲ್ಲಿಂದ ದೂರ ಹೋಗಿ.

ಟ್ಯಾನಿನ್ ಕೊಳಕಲ್ಲ. ಆದರೂ ಕೆರೆ ನೀರು ಕಡಲಿಗೆ ಹರಿಯುವ ಬಾಯಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ. ಜೋರು ಮಳೆ ರಸ್ತೆ, ಅಂಗಳದ ಕೊಳೆಯನ್ನೂ ತೊಳೆದು ತರುತ್ತದೆ. ಮರಳಿನ ದಂಡೆಯಂತೂ ನಿಂತಲ್ಲೇ ಕುಸಿಯುತ್ತದೆ. ನೀರಿಗಿಳಿಯುವ ಮುಂಚೆ ಬೀಚಿನ ಬಾವುಟ, ಸೂಚನಾ ಫಲಕ ನೋಡಿ.

ಸಾಧ್ಯವಾದರೆ ಉಬ್ಬರದ ಹೊತ್ತಿಗೆ ಮತ್ತೆ ಬನ್ನಿ. ಕೆರೆಯ ಮಟ್ಟ ಇಳಿದಿದ್ದರೆ ಹರಿವು ತಿರುಗಿ, ಅದೇ ಬಾಯಿಂದ ಪಚ್ಚೆ ನೀರು ಒಳಗೆ ನುಗ್ಗುತ್ತದೆ, ಜೊತೆಗೆ ಕಡಲ ಮೀನುಗಳೂ. ಕೊನೆಗೆ ಅಲೆಗಳೇ ಮರಳು ತಂದು ಬಾಯಿ ಮುಚ್ಚುತ್ತವೆ, ಮುಂದಿನ ದೊಡ್ಡ ಮಳೆಯವರೆಗೆ.